ಕರಗ ದರ್ಗಾಕ್ಕೆ ಯಾಕೆ ಹೋಗಬೇಕು ಅನ್ನುವವರಿಗೆ

ಚೈತ್ರ ಹುಣ್ಣಿಮೆ ಹತ್ತಿರ ಬಂತೆಂದರೆ ಮತ್ತೆ ಅದೇ ಪ್ರಶ್ನೆ. ಬೆಂಗಳೂರಿನ ಧರ್ಮರಾಯನ ಗುಡಿಯಿಂದ ರಾತ್ರಿ ಮೆರವಣಿಗೆ ಹೊರಡುವ ಹೂವಿನ ಕರಗ ಕಾಟನ್‌ಪೇಟೆಯ ದರ್ಗಾಕ್ಕೆ ಯಾಕೆ ಹೋಗಬೇಕು? ಸುಮ್ನೆ ಕೇಳುವುದಲ್ಲ, ಜಗಳಕ್ಕೇ ಬರುತ್ತಾರೆ.

ಅದು ಹಜರತ್ ತವಕ್ಕಲ್ ಮಸ್ತಾನ್ ದರ್ಗಾ. ಹೈದರ್ ಅಲಿ ಕಾಲದ ಸೂಫಿ ಸಂತರು ಅವರು. ಕೋಟೆ ಕಟ್ಟುವ ಕಡೆ ಕೂಲಿಯವರ ಜೊತೆ ಮೈಮುರಿದು ದುಡಿದು, ಸಂಜೆ ಕೂಲಿ ತೆಗೆದುಕೊಳ್ಳದೇ ಹೊರಟುಬಿಡುತ್ತಿದ್ದರಂತೆ. ಇದು ನಿಜವಾ ಕತೆಯಾ ಅಂತ ಬಿಡಿಸುವ ಹಟ ನನಗಿಲ್ಲ. ಮೂಟೆ ಹೊರುವವರು, ಗಾಡಿ ತಳ್ಳುವವರು ತುಂಬಿರುವ ಪೇಟೆ ಆ ಕತೆಯನ್ನು ಇವತ್ತಿಗೂ ಉಳಿಸಿಕೊಂಡಿದೆ ನೋಡಿ, ನನಗೆ ಅದು ದೊಡ್ಡದು. ಕರಗ ಅಲ್ಲಿಗೆ ಹೋಗಲು ಶುರುವಾದದ್ದು ಹೇಗೆ ಅಂತ ಕೇಳಿದರೆ ಪೇಟೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗಬೇಕು ಅನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಕರಗದ ರಾತ್ರಿ ಒಮ್ಮೆ ಅಲ್ಲಿ ನಿಂತು ನೋಡಿ. ಕತ್ತಿ ಹಿಡಿದು ಕರಗದ ಕಾವಲಿಗೆ ನಡೆಯುವ ವೀರಕುಮಾರರು, ಗೋವಿಂದಾ ಗೋವಿಂದಾ ಅನ್ನುವ ಕೂಗು, ಮೇಲಿಂದ ಸುರಿಯುವ ಮಲ್ಲಿಗೆ. ಸೀರೆ ಉಟ್ಟು, ಬಳೆ ತೊಟ್ಟು, ತಲೆಯ ಮೇಲೆ ಗೋಪುರದಂಥ ಹೂವಿನ ಕರಗ ಹೊತ್ತ ಪೂಜಾರಿ ಅದನ್ನು ಕೈಯಲ್ಲಿ ಮುಟ್ಟದೆ ದರ್ಗಾದ ಬಾಗಿಲಿಗೆ ಬರುತ್ತಾರೆ. ಮಲ್ಲಿಗೆಯ ಘಮ, ಲೋಬಾನದ ಹೊಗೆ ಎರಡೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಒಳಗಿನವರು ಕೈಮುಗಿದು ಎದುರುಗೊಳ್ಳುತ್ತಾರೆ. ಯಾರೂ ಯಾರಿಗೂ ಭಾಷಣ ಮಾಡುವುದಿಲ್ಲ.

2022ರಲ್ಲಿ, ಕೊರೊನಾ ಕಳೆದು ಕರಗ ಮತ್ತೆ ಜೋರಾಗಿ ನಡೆಯಬೇಕಿದ್ದ ವರ್ಷ, ದರ್ಗಾಕ್ಕೆ ಹೋಗಕೂಡದು ಅಂತ ಕೆಲವರು ಪಟ್ಟು ಹಿಡಿದರು. ಆಗ ದರ್ಗಾದವರೇ ತಿಗಳರ ಪೇಟೆಯ ಧರ್ಮರಾಯನ ದೇವಸ್ಥಾನಕ್ಕೆ ಬಂದು, ಎಂದಿನಂತೆ ಬನ್ನಿ ಅಂತ ಕರೆದರು. ದೇವಸ್ಥಾನದವರು ಪದ್ಧತಿ ಬಿಡಲ್ಲ ಅಂದರು. ಕರಗ ಹೋಯಿತು. ಟಿವಿಯಲ್ಲಿ ದಿನಗಟ್ಟಲೆ ಕೂಗಾಡಿದ ವಿಷಯವನ್ನು ಎರಡು ಕಡೆಯ ಹಿರಿಯರು ಎದುರುಬದುರು ಕೂತು ಮುಗಿಸಿದರು, ಅಲ್ವಾ?

ಕರಗ ತಿಗಳ ಸಮುದಾಯದವರದು. ವ್ರತ ಹಿಡಿಯುವವರು ಅವರು, ಕತ್ತಿ ಹಿಡಿಯುವವರು ಅವರ ಮಕ್ಕಳು. ದಾರಿ ಯಾವುದು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರ ಹಿರಿಯರಾದ ಗಣಾಚಾರಿ, ಗೌಡರು, ಯಜಮಾನರು ತೀರ್ಮಾನಿಸಲಿ. ದೇವರ ಹೆಸರು ಹೇಳಿಕೊಂಡು ಅವರಿಗೇ ಬುದ್ಧಿ ಹೇಳಲು ಹೊರಡುವ ಹಕ್ಕು ನಮಗೆ ಯಾರು ಕೊಟ್ಟರು? ನನಗೆ ಸಿಟ್ಟು ಬರುವುದು ಇಲ್ಲೇ.