ಟ್ರಸ್ಟೆಡ್‌ಇನ್‌ಸ್ಟಾಲರ್ ಯಾರ ಮಗ?

ಹೆಸರು ಓದಿದರೆ ಅರ್ಥವಾಗದ ಫೈಲೆಲ್ಲ ಕಸ. ಇದು ನಮ್ಮ ಮಾವನವರ ಸಿದ್ಧಾಂತ. ಜೀವಮಾನವಿಡೀ ಆಡಿಟ್ ಮಾಡಿ ರಿಟೈರ್ ಆದವರು. ಯಾವ ಖರ್ಚು ಕಂಡರೂ ವೋಚರ್ ಎಲ್ಲಿ ಎಂದು ಕೇಳುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಸನದ ಮನೆಯ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 128 ಜಿಬಿ. ಜಾಗ ಮುಗಿಯುತ್ತಾ ಬಂದು ಸಿ ಡ್ರೈವ್‌ನ ಪಟ್ಟಿ ಕೆಂಪಾದ ದಿನದಿಂದ ಅವರಿಗೆ ನಿದ್ದೆಯಿಲ್ಲ. ಡಾಕ್ಟರು ಬಿಪಿ ಜಾಸ್ತಿ ಅಂದಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಫೋನ್ ಬಂತು.

"ಅಳಿಯಂದ್ರೇ, ಇಲ್ಲಿ ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ಫೋಲ್ಡರ್ ಇದೆ. ಹಳೇದು ಅಂತ ಅದೇ ಬಾಯಿಬಿಟ್ಟು ಹೇಳ್ತಿದೆ. ಇಪ್ಪತ್ತು ಜಿಬಿ ನುಂಗಿ ಕೂತಿದೆ. ಡಿಲೀಟ್ ಒತ್ತಿದ್ರೆ ಅದ್ಯಾರೋ ಟ್ರಸ್ಟೆಡ್‌ಇನ್‌ಸ್ಟಾಲರ್ ಅನ್ನೋನ ಪರ್ಮಿಷನ್ ತಗೊಳ್ಳಿ ಅನ್ನುತ್ತೆ. ಯಾರ್ರೀ ಅವನು? ದುಡ್ಡು ಕೊಟ್ಟು ತಂದಿದ್ದು ನಾನು!"

ನನಗೆ ಫೋನ್ ಮಾಡುವ ಮೊದಲೇ ಅವರು ವಿಂಡೋಸ್ ಅಪ್‌ಗ್ರೇಡ್ ಮಾಡಿಕೊಟ್ಟ ಅಂಗಡಿಯ ಹುಡುಗನನ್ನು ವಿಚಾರಿಸಿಕೊಂಡಿದ್ದರು. "ನಿನ್ನ ಪೂರ್ತಿ ಹೆಸರೇನಪ್ಪಾ? ಅಪ್ಪನ ಹೆಸರು?" ಅಂತ. ಪಾಪ, ಅವನು ಹೆದರಿ ಆಧಾರ್ ನಂಬರ್ ಕೂಡ ಕೊಡಲು ಹೊರಟಿದ್ದನಂತೆ.

ಟ್ರಸ್ಟೆಡ್‌ಇನ್‌ಸ್ಟಾಲರ್ ಅನ್ನೋದು ಮನುಷ್ಯ ಅಲ್ಲ, ವಿಂಡೋಸ್ ಒಳಗಿನ ಒಂದು ಸರ್ವಿಸ್, ವಿಸ್ತಾ ಎಂಬ ಹಳೆಯ ವಿಂಡೋಸ್ ಕಾಲದಿಂದ ಸಿಸ್ಟಮ್ ಫೈಲ್‌ಗಳ ಯಜಮಾನಿಕೆ ಅದರದ್ದೇ ಎಂದೆ. ಮನೆಯವರು ಕೈಯಾಡಿಸಿ ಕೆಡಿಸದಿರಲಿ ಅಂತಲೇ ಈ ಏರ್ಪಾಡು. "ಅಂದ್ರೆ ನನ್ನಂಥೋರಿಗೇ ಮಾಡಿದ್ದು" ಅಂದರು. ಹೌದು ಅನ್ನಲು ಅಳಿಯನಿಗೆ ಅಧಿಕಾರವಿಲ್ಲವಲ್ಲ. ಸುಮ್ಮನಾದೆ.

ವಿಂಡೋಸ್ ಡಾಟ್ ಓಲ್ಡ್ ಸಂಗತಿ ನಿಜಕ್ಕೂ ಸರಳ. ಹೊಸ ವಿಂಡೋಸ್ ಹಾಕಿದಾಗ ಹಳೆಯದನ್ನು ಅದು ಆ ಫೋಲ್ಡರಿನಲ್ಲಿ ಎತ್ತಿಡುತ್ತದೆ. ಹೊಸದು ಸರಿಹೋಗದಿದ್ದರೆ ಹಿಂದಕ್ಕೆ ಹೋಗಲು ಸಾಮಾನ್ಯವಾಗಿ 10 ದಿನ ಗಡುವು. ಆಮೇಲೆ ತಾನೇ ಅಳಿಸಿಕೊಳ್ಳುತ್ತದೆ. ಅಷ್ಟು ತಡೆಯಲಾಗದವರು ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಒಳಗಿಳಿದು, ಹಿಂದಿನ ವಿಂಡೋಸ್ ಇನ್‌ಸ್ಟಲೇಷನ್ ಎಂಬ ಸಾಲಿಗೆ ಟಿಕ್ ಹಾಕಿ ರಿಮೂವ್ ಒತ್ತಿದರೆ ಸಾಕು. ಆಮೇಲೆ ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ, ಅಷ್ಟೇ. ಯಾರ ಪರ್ಮಿಷನ್ನೂ ಬೇಡ.

ಇಷ್ಟನ್ನು ನಿಧಾನವಾಗಿ ಹೇಳಿದೆ. ಆ ಒಂದು ಸಾಲಿಗೆ ಮಾತ್ರ ಟಿಕ್ ಹಾಕಿ ಅಂತ ಒತ್ತಿಯೂ ಹೇಳಿದೆ. ಆದರೆ ಆಡಿಟ್ ಮಾಡಿದ ಕೈ. ಪಟ್ಟಿ ಕಣ್ಣಿಗೆ ಬಿದ್ದರೆ ಟಿಕ್ ಹಾಕದೆ ಬಿಡುವುದುಂಟೇ? ಮೇಲಿನಿಂದ ಕೆಳಗಿನವರೆಗೂ ಎಳೆದುಬಿಟ್ಟರು. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದಕ್ಕೆ ತಾನಾಗಿ ಟಿಕ್ ಬಿದ್ದಿರುವುದಿಲ್ಲ. ಇವರೇ ಕೈಯಾರೆ ಹಾಕಿ, ರಿಮೂವ್ ಒತ್ತಿ, ಕಾಫಿ ಕುಡಿಯಲು ಎದ್ದುಹೋದರು.

ಹೋಗಿದ್ದೇನು? ಮನೆ ಕಂದಾಯದ ರಸೀದಿ, ಎಲ್ಲರ ಆಧಾರ್ ಪಿಡಿಎಫ್, ಅತ್ತೆಯವರ ಬ್ಲಡ್ ರಿಪೋರ್ಟು. ಎಲ್ಲಕ್ಕಿಂತ ಮುಖ್ಯವಾಗಿ, ನಾದಿನಿಗೆಂದು ಬಂದಿದ್ದ ಒಂದು ಡಜನ್ ಜಾತಕ. ರೀಸೈಕಲ್ ಬಿನ್‌ನಲ್ಲಿ ಹುಡುಕಿದರು. ಈ ದಾರಿಯಲ್ಲಿ ಅಳಿಸಿದ್ದು ಬಿನ್‌ಗೆ ಹೋಗುವುದೇ ಇಲ್ಲ, ನೇರ ಕೈಲಾಸ.

"ನಾಲ್ಕನೇ ಹುಡುಗ ಎಷ್ಟು ಚೆನ್ನಾಗಿದ್ದ! ಅವನನ್ನೂ ಡಿಲೀಟ್ ಮಾಡಿದ್ರಲ್ಲಾ" ಎಂದು ಅತ್ತೆ ಅಡುಗೆಮನೆಯಿಂದಲೇ ಶುರುಮಾಡಿದರು. ನಾದಿನಿ ಮಾತ್ರ ಅವತ್ತು ಅಪ್ಪನಿಗೆ ಎರಡು ಸಲ ಕಾಫಿ ಮಾಡಿಕೊಟ್ಟಳಂತೆ.

ಹೆಸರು ನೋಡಿ ಅನುಮಾನ ಪಡುವ ರೋಗ ಮಾವನವರೊಬ್ಬರದ್ದೇ ಅಲ್ಲ ಬಿಡಿ. 2001ರಲ್ಲಿ ಸಲ್ಫ್‌ನ್‌ಬಿಕೆ ಎಂಬ ಫೈಲು ವೈರಸ್ಸು, ಕೂಡಲೇ ಅಳಿಸಿ ಎಂದು ಊರೂರಿಗೆ ಇಮೇಲ್ ಹರಿದಾಡಿತ್ತು. ಅದು ಫೈಲ್‌ಗಳ ಉದ್ದ ಹೆಸರುಗಳನ್ನು ಸರಿಪಡಿಸುವ ವಿಂಡೋಸ್‌ನದ್ದೇ ಫೈಲು. ಮರುವರ್ಷ ಜೆಡಿಬಿಜಿಎಂಜಿಆರ್ ಸರದಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಸಂಬಂಧಿಸಿದ ಫೈಲು, ಐಕಾನ್ ಮಾತ್ರ ಒಂದು ಪುಟ್ಟ ಕರಡಿ. ಆ ಹೆಸರನ್ನು ಬಾಯಿಬಿಟ್ಟು ಓದಿ ನೋಡಿ, ಯಾರಿಗಾದರೂ ಅನುಮಾನ ಬರಬೇಕಾದ್ದೇ! ಕರಡಿ ಕಂಡರೆ ಅಳಿಸಿ, ಸ್ನೇಹಿತರಿಗೂ ತಿಳಿಸಿ ಅಂತ ಇಮೇಲ್. ಜನ ಹುಡುಕಿದರು, ಕರಡಿ ಸಿಕ್ಕಿತು, ಗಾಬರಿಯಾಗಿ ಅಳಿಸಿದರು, ಇಮೇಲನ್ನು ಮುಂದಕ್ಕೆ ದಾಟಿಸಿದರು. ವೈರಸ್ಸಿನ ಕೆಲಸವನ್ನೆಲ್ಲ ಮನುಷ್ಯರೇ ಪುಕ್ಕಟೆ ಮಾಡಿಕೊಟ್ಟರು. ಇದು ವಾಟ್ಸಾಪ್ ಹುಟ್ಟುವ ಮೊದಲಿನ ಮಾತು, ನೆನಪಿರಲಿ.

ಜಾತಕದ ಗಲಾಟೆ ತಣ್ಣಗಾಗಲಿ ಎಂದು ನಾನೇ ಶನಿವಾರ ಹಾಸನಕ್ಕೆ ಹೋದೆ. ಮಾವನವರು ಆಕ್ಷೇಪಣೆಗಳ ಪಟ್ಟಿ ಬರೆದಿಟ್ಟಿದ್ದರು. ಮೊದಲನೆಯದು ಹೈಬರ್‌ಫಿಲ್. ಹೈಬರ್ನೇಟ್ ಮಾಡಿದಾಗ ತೆರೆದ ಕೆಲಸವನ್ನೆಲ್ಲ ಬರೆದಿಡುವ ಫೈಲ್ ಅದು. ಅದನ್ನು ಕೈಯಿಂದ ಕಿತ್ತೊಗೆಯುವುದಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ ಕಮಾಂಡಿನಲ್ಲಿ ಹೈಬರ್ನೇಟ್ ಆಫ್ ಮಾಡಿದರೆ ತಾನೇ ಹೋಗುತ್ತದೆ. ಫಾಸ್ಟ್ ಸ್ಟಾರ್ಟಪ್ಪೂ ಅದರ ಜೊತೆಗೇ ಹೋಗುತ್ತದೆ. ಮಾವನವರು ಲ್ಯಾಪ್‌ಟಾಪ್ ಆನ್ ಮಾಡಿ ಪೂಜೆಗೆ ಕೂರುವವರು. ಅವರಿಗೇನು ಅವಸರ? ಆಫ್ ಮಾಡಿದೆ. ಮೂರು ಜಿಬಿ ಬಂತು.

ಎರಡನೆಯ ಆಕ್ಷೇಪಣೆ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಮೇಲೆ. ವಿಂಡೋಸ್ ತನ್ನ ಬಿಡಿಭಾಗಗಳನ್ನೆಲ್ಲ ಇಟ್ಟುಕೊಳ್ಳುವ ಉಗ್ರಾಣ ಅದು. ಇದನ್ನು ಮುಟ್ಟಿದರೆ ಮುಂದಿನ ಅಪ್‌ಡೇಟ್ ಕೆಡುತ್ತದೆ, ಕಂಪ್ಯೂಟರೇ ಏಳದಿರಬಹುದು. ಜೊತೆಗೆ ಅದು ತೋರಿಸುವ ಗಾತ್ರವೂ ಪೂರ್ತಿ ನಿಜವಲ್ಲ. ಅದರೊಳಗಿನ ಎಷ್ಟೋ ಫೈಲ್‌ಗಳು ಸಿಸ್ಟಮ್32 ಫೋಲ್ಡರಿನಲ್ಲಿ ಕಾಣುವವೇ. ಮುಂಬಾಗಿಲಲ್ಲೊಮ್ಮೆ ಹಿತ್ತಿಲಲ್ಲೊಮ್ಮೆ ನಿಂತು ಒಂದೇ ಮನೆಯನ್ನು ಎರಡು ಸಲ ಎಣಿಸಿದ ಜನಗಣತಿಯ ಹಾಗೆ ಆ ಲೆಕ್ಕ. ಇದು ಮಾವನವರಿಗೆ ತಕ್ಷಣ ಹಿಡಿಸಿತು. "ಡಬಲ್ ಎಂಟ್ರಿ" ಎಂದು ಬರೆದುಕೊಂಡು ಆಕ್ಷೇಪಣೆ ಕೈಬಿಟ್ಟರು.

ಹಾಗಾದರೆ ಜಾಗ ತಿಂದವರಾರು? ವಿಡಿಯೋ ಫೋಲ್ಡರ್ ತೆರೆದು ಗಾತ್ರದ ಪ್ರಕಾರ ಜೋಡಿಸಿದೆ. ನನ್ನ ಮದುವೆಯ ವಿಡಿಯೋ, ಹದಿನಾಲ್ಕು ಜಿಬಿ. ಅದರ ಕೆಳಗೆ "ಮದುವೆ ಕಾಪಿ". ಅದರ ಕೆಳಗೆ "ಮದುವೆ ಕಾಪಿ ಒರಿಜಿನಲ್". ಮೂರೂ ಒಂದೇ. ಮೂರರಲ್ಲೂ ಧಾರೆಯ ಹೊತ್ತಿಗೆ ಕ್ಯಾಮೆರಾದವನು ಹೋಳಿಗೆಯ ಕೌಂಟರಿನಲ್ಲೇ ಇದ್ದಾನೆ.

"ಮಾವ, ಎರಡನ್ನ ತೆಗೆದುಬಿಡೋಣ್ವಾ?"

ಇಷ್ಟು ಹೊತ್ತು ಸಿಸ್ಟಮ್ ಫೈಲ್‌ಗಳ ಮೇಲೆ ಹಲ್ಲು ಮಸೆಯುತ್ತಿದ್ದವರು ಮೌಸನ್ನೇ ಕೈಯಿಂದ ಕಿತ್ತುಕೊಂಡರು. "ಮದುವೇನ ಯಾರಾದ್ರೂ ಡಿಲೀಟ್ ಮಾಡ್ತಾರೇನ್ರೀ? ಅಪಶಕುನ!"

ಕೊನೆಗೆ ರಾಜಿಯಾಯಿತು. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತರುವುದು, ವಿಡಿಯೋಗಳನ್ನೆಲ್ಲ ಅದಕ್ಕೆ ಸಾಗಿಸುವುದು. ತಂದೆವು. ಸಾಗಿಸುವ ಕೆಲಸ ತಾವೇ ಮಾಡುತ್ತೇನೆ ಎಂದು ಹಠ ಹಿಡಿದರು. ಆಗಲಿ ಎಂದು ಊರಿಗೆ ಬಂದೆ.

ಮರುದಿನ ಮಾವನವರ ಫೋನು. ಎಲ್ಲ ಆಯಿತಂತೆ, ಆದರೂ ಸಿ ಡ್ರೈವ್‌ನಲ್ಲಿ ಒಂದು ಎಂಬಿಯೂ ಖಾಲಿಯಾಗಿಲ್ಲವಂತೆ.

"ಕಟ್ ಮಾಡಿ ಪೇಸ್ಟ್ ಮಾಡಿದ್ರಾ, ಕಾಪಿ ಮಾಡಿದ್ರಾ ಮಾವ?"

"ಶುಭಕಾರ್ಯದ್ದಲ್ವಾ, ಕಟ್ ಅನ್ನೋದನ್ನ ಹೇಗೆ ಒತ್ತಲಿ? ಕಾಪಿನೇ ಮಾಡ್ದೆ."