ಭಾಷಣ ಸಾಕು, ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ

ಶನಿವಾರ ಬೆಳಗ್ಗೆ ನಮ್ಮನೆ ಹಿಂದಿನ ಚರ್ಚ್ ಪಾರ್ಕಿಂಗ್ ಲಾಟಲ್ಲಿ ಎಪ್ಪತ್ತು ದಾಟಿರೋ ಬ್ಲ್ಯಾಕ್ ತಾತ ಒಬ್ರು ಒಬ್ಬ ಹುಡುಗನಿಗೆ ಕಾರು ಕಲಿಸ್ತಿದ್ರು. ಮೊಮ್ಮಗ ಅಲ್ಲ, ಅದೇ ಚರ್ಚಿಗೆ ಬರೋ ಇನ್ಯಾರದೋ ಮಗ. ರಿವರ್ಸು, ಪಾರ್ಕಿಂಗು ಎಲ್ಲಾ ಆದ್ಮೇಲೆ ಗಾಡಿ ನಿಲ್ಸಿ ಇನ್ನೊಂದು ಪಾಠ ಶುರು ಮಾಡಿದ್ರು. ಹಿಂದೆ ಪೊಲೀಸ್ ಲೈಟ್ ಕಂಡ್ರೆ ಏನ್ಮಾಡ್ತೀಯ? ಇಂಜಿನ್ ಆಫ್ ಮಾಡು, ಎರಡೂ ಕೈ ಸ್ಟೀರಿಂಗ್ ಮೇಲಿಡು, ಲೈಸೆನ್ಸ್ ತೆಗೆಯೋಕೆ ಮುಂಚೆ "ತೆಗೀತಿದೀನಿ ಸರ್" ಅಂತ ಹೇಳು. ಹುಡುಗ ಮಾಡಿ ತೋರಿಸ್ದ. ಕೈ ಜೇಬಿನ ಕಡೆ ಬೇಗ ಹೋಯ್ತು ಅಂತ ತಾತ ಮತ್ತೆ ಮೊದಲಿಂದ ಮಾಡಿಸಿದ್ರು. ಬ್ಲ್ಯಾಕ್ ಹುಡುಗನ ಕೈ ಹಂಗೆ ಹೋದ್ರೆ ಗನ್ ತೆಗೀತಿದಾನೆ ಅಂದ್ಕೊಂಡು ಪೊಲೀಸರು ಗುಂಡು ಹಾರಿಸ್ಬಹುದು ಅನ್ನೋ ಭಯ. ನನ್ನ ಮಗನೂ ಇಲ್ಲೇ ಅಟ್ಲಾಂಟಾದಲ್ಲೇ ಡ್ರೈವಿಂಗ್ ಕಲಿತಿದ್ದು ನಿಮಗೆ ಗೊತ್ತಲ್ಲ, ಈ ಪಾಠ ಅವನಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ, ಹೇಳಿಕೊಡ್ಬೇಕು ಅಂತ ನಮಗೆ ಅನ್ನಿಸಿದ್ದೂ ಇಲ್ಲ. ಕಣ್ಣಲ್ಲಿ ನೀರು ಬಂತು ನಂಗೆ.

ಅವತ್ತೇ ಮಧ್ಯಾಹ್ನ ನಮ್ಮ ಕನ್ನಡದವರ ಮನೇಲೊಂದು ಊಟ. ಅಲ್ಲಿ ಹಿರಿಯರೊಬ್ರು "ಆ ಬ್ಲ್ಯಾಕ್ ಹುಡುಗರಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲಮ್ಮ, ಅದಕ್ಕೇ ಹಿಂಗಾಗೋದು" ಅಂದ್ರು. ಬೆಳಗ್ಗೆ ನೋಡಿದ್ದನ್ನ ಹೇಳ್ದೆ, ಮಾತು ಮನೆ ಬಡ್ಡಿ ರೇಟ್ ಕಡೆ ತಿರುಗ್ತು. ಆವಾಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಅಟ್ಲಾಂಟಾ ಇರೋ ಜಾರ್ಜಿಯಾ ರಾಜ್ಯದಲ್ಲಿ ಹದಿನಾರಕ್ಕೆ ಲೈಸೆನ್ಸ್ ಬೇಕಂದ್ರೆ ದೊಡ್ಡವರ ಜೊತೆ 40 ಗಂಟೆ ಗಾಡಿ ಓಡಿಸಿರ್ಬೇಕು, ಅದ್ರಲ್ಲಿ 6 ಗಂಟೆ ರಾತ್ರಿ ಹೊತ್ತು. ಅಂದ್ರೆ ಯಾರೋ ಒಬ್ರು ತಮ್ಮ ಶನಿವಾರ ಭಾನುವಾರ ಬಿಟ್ಟು, ಪ್ರಾಣ ಕೈಯಲ್ಲಿ ಹಿಡ್ಕೊಂಡು, ಆ ಹುಡುಗನ ಪಕ್ಕದಲ್ಲಿ 40 ಗಂಟೆ ಕೂರ್ಬೇಕು. ಹಿರಿಯರ ಹೊಣೆ ಅಂತ ಏನಾದ್ರೂ ಇದ್ರೆ ಅದು ಇಷ್ಟೇ ಅಂತ ನಾನು ನಂಬಿದೀನಿ. ಬುದ್ಧಿ ಹೇಳೋಕೆ ಐದು ನಿಮಿಷ ಸಾಕು, ಅದಕ್ಕೇ ಎಲ್ಲರೂ ಅದನ್ನೇ ಮಾಡೋದು.

ಬ್ಲ್ಯಾಕ್ ಹಿರಿಯರಲ್ಲೂ ಹಿಂಗೆ ಬರೀ ಬುದ್ಧಿ ಹೇಳೋರಿದ್ರು, ಸುಳ್ಯಾಕೆ ಹೇಳ್ಲಿ. 2004ರಲ್ಲಿ ವಾಷಿಂಗ್ಟನ್‌ನಲ್ಲಿ, ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನ ಬೇರೆ ಮಾಡೋದು ತಪ್ಪು ಅಂದ ಸುಪ್ರೀಂ ಕೋರ್ಟ್ ತೀರ್ಪಿಗೆ 50 ವರ್ಷ ಆದ ಸಮಾರಂಭದಲ್ಲಿ, ಹೆಸರಾಂತ ಬ್ಲ್ಯಾಕ್ ಹಾಸ್ಯನಟ ಬಿಲ್ ಕಾಸ್ಬಿ ವೇದಿಕೆ ಹತ್ತಿ ಬಡ ಬ್ಲ್ಯಾಕ್ ಕುಟುಂಬಗಳನ್ನ, ಆ ಹುಡುಗರ ಮಾತು, ಬಟ್ಟೆ, ಕೊನೆಗೆ ಹೆಸರನ್ನೂ ಬಿಡದೆ ಬೈದ್ರು. ಜನ ಚಪ್ಪಾಳೆ ಹೊಡೆದ್ರು. ಆ ಚಪ್ಪಾಳೆಯಿಂದ ಯಾವ ಹುಡುಗನಿಗೆ ಏನು ಸಿಕ್ತು?

ಅದೇ ನಮ್ಮ ಅಟ್ಲಾಂಟಾದಲ್ಲಿ ಬ್ಲ್ಯಾಕ್ ಹುಡುಗರು ಓದೋ ಮೋರ್‌ಹೌಸ್ ಕಾಲೇಜಿಗೆ 1940ರಿಂದ 1967ರವರೆಗೆ ಅಧ್ಯಕ್ಷರಾಗಿದ್ದ ಬೆಂಜಮಿನ್ ಮೇಸ್ ಅವರನ್ನ ನೋಡಿ. 1944ರಲ್ಲಿ ಹದಿನೈದರ ಹುಡುಗ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಸೇರಿದಾಗ, ಮೇಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಮಾತಾಡಿ ಮುಗಿಸಿದ್ರೆ ಈ ಹುಡುಗ ಅವರ ಆಫೀಸಿನವರೆಗೂ ಹಿಂದೆ ಹೋಗಿ ವಾದ ಮಾಡ್ತಿದ್ದನಂತೆ. ಕಾಲೇಜಿನ ಅಧ್ಯಕ್ಷರು! ಹೋಗೋ ಮಾರಾಯ ಅನ್ನದೆ ಕೂತು ಕೇಳಿದ್ರು. 1956ರಲ್ಲಿ, ಬಸ್ಸಲ್ಲಿ ಬ್ಲ್ಯಾಕ್ ಜನಕ್ಕೆ ಬೇರೆ ಸೀಟು ಅನ್ನೋದರ ವಿರುದ್ಧ ಕಿಂಗ್ ಮುಂದೆ ನಿಂತು ನಡೆಸ್ತಿದ್ದ ಮಾಂಟ್‌ಗಮರಿ ಊರಿನ ಬಸ್ ಬಹಿಷ್ಕಾರದ ಹೊತ್ತಲ್ಲಿ, ಕಿಂಗ್ ಮನೆಗೆ ಬಾಂಬ್ ಬಿದ್ದಿತ್ತು, ಕೇಸೂ ಆಗಿತ್ತು, ಅಪ್ಪ ಗಾಬರಿಯಾಗಿ ಅಟ್ಲಾಂಟಾದ ಹಿರಿಯರನ್ನೆಲ್ಲ ತಮ್ಮ ಮನೆಗೆ ಕರೆಸಿ ಮಗನಿಗೆ ಮಾಂಟ್‌ಗಮರಿಗೆ ವಾಪಸ್ ಹೋಗ್ಬೇಡ ಅಂತ ಹೇಳಿಸೋಕೆ ನೋಡಿದ್ರು. ಅಲ್ಲಿ ಎದ್ದು ಹುಡುಗನ ಪರ ಗಟ್ಟಿಯಾಗಿ ಮಾತಾಡಿದ್ದು ಮೇಸ್. ಇಪ್ಪತ್ತೇಳರ ಹುಡುಗ ವಾಪಸ್ ಹೋದ. 1968ರಲ್ಲಿ ಆ ಹುಡುಗನ ಅಂತ್ಯಕ್ರಿಯೇಲಿ ಮಾತಾಡೋ ಪಾಡೂ ಇವರದೇ ಆಯ್ತು, ಆಗ ಇವರಿಗೆ 73.

ಮೇಸ್ ಮೈಸೂರಿಗೂ ಬಂದಿದ್ರು ಅನ್ನೋದು ನಮ್ಮವರಿಗೆ ಎಷ್ಟು ಜನಕ್ಕೆ ಗೊತ್ತೋ. 1937ರ ಜನವರೀಲಿ ಕ್ರೈಸ್ತ ಯುವಕರ ಸಂಘ ವೈಎಂಸಿಎಯ ವಿಶ್ವ ಸಮ್ಮೇಳನಕ್ಕೆ. ಆ ಪ್ರವಾಸದಲ್ಲಿ ಅಸ್ಪೃಶ್ಯರ ಶಾಲೆಯೊಂದಕ್ಕೆ ಮಾತಾಡೋಕೆ ಕರೆದಾಗ, ಹೆಡ್‌ಮಾಸ್ಟರು "ಇವರೂ ಅಮೆರಿಕದ ಅಸ್ಪೃಶ್ಯರು, ಆದ್ರೂ ಎಷ್ಟು ಮೇಲೆ ಬಂದಿದಾರೆ" ಅನ್ನೋ ಅರ್ಥದಲ್ಲಿ ಮಕ್ಕಳಿಗೆ ಪರಿಚಯ ಮಾಡಿಕೊಟ್ರು. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದ್ರೆ ನಮ್ಮ ದೇಶದಲ್ಲಿ ನಾನೂ ಅದೇ ಅಲ್ವಾ ಅನ್ನಿಸ್ತು ಅಂತ ಬರ್ಕೊಂಡಿದಾರೆ. ಅಂಥ ಅವಮಾನ ಉಂಡವರು ತಮ್ಮ ಹುಡುಗರ ಜೊತೆ ಹಂಗೆ ನಿಂತ್ರು.

ಈಗ ನೀವು ಕೇಳ್ತೀರಿ, ಅಪ್ಪಂದಿರು ಎಲ್ಲಿದಾರೆ ಅಂತ. ಪ್ರತಿ ಸಲ ಇದೇ ಪ್ರಶ್ನೆ. 2013ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿನೇ ವರದಿ ಕೊಟ್ಟಿದೆ, ಮಕ್ಕಳ ಜೊತೆ ಇರೋ ಬ್ಲ್ಯಾಕ್ ಅಪ್ಪಂದಿರು ಮಕ್ಕಳಿಗೆ ಸ್ನಾನ ಮಾಡಿಸೋದು, ಊಟ ಮಾಡಿಸೋದು, ಹೋಮ್‌ವರ್ಕ್ ನೋಡೋದ್ರಲ್ಲಿ ಬೇರೆಯವರಿಗಿಂತ ಹಿಂದೆ ಏನಿಲ್ಲ, ಕೆಲವು ವಿಷಯದಲ್ಲಿ ಮುಂದೇನೇ. ಇನ್ನು ಜೊತೇಲಿ ಇಲ್ಲದವರು? 1986ರ ಕಾನೂನಿನಲ್ಲಿ, ಕೊಕೇನ್‌ನಿಂದಲೇ ಮಾಡೋ ಕ್ರ್ಯಾಕ್ ಅನ್ನೋ ಡ್ರಗ್ 5 ಗ್ರಾಂ ಸಿಕ್ರೆ ಆಗ್ತಿದ್ದ ಐದು ವರ್ಷದ ಜೈಲು, ಪುಡಿ ಕೊಕೇನ್ ಆದ್ರೆ 500 ಗ್ರಾಂ ಸಿಕ್ಬೇಕಿತ್ತು. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದವರು ಬಹುಪಾಲು ಬ್ಲ್ಯಾಕ್ ಗಂಡಸರು. 2010ರವರೆಗೂ ಆ ಲೆಕ್ಕ ಹಂಗೇ ಇತ್ತು. ಇವತ್ತು ಐವತ್ತು ಅರವತ್ತರ ಹಿರಿಯರಾಗಿ ಪಕ್ಕದ ಸೀಟಲ್ಲಿ ಕೂರ್ಬೇಕಿದ್ದವರ ಎಷ್ಟೋ ವರ್ಷಗಳನ್ನ ಜೈಲು ತಿಂದಿದೆ. ಅವರನ್ನ ಕಿತ್ಕೊಂಡು ಹೋಗಿ, ಆಮೇಲೆ ಹಿರಿಯರೇ ಇಲ್ಲ ಅಂತ ಹುಡುಗರನ್ನ ಬೈಯೋದು ಯಾವ ನ್ಯಾಯ ಹೇಳಿ.

ಹಂಗಾಗಿ ಉಳಿದಿರೋರ ಮೇಲೆ ಭಾರ ಜಾಸ್ತಿ, ಒಬ್ಬೊಬ್ರು ಮೂರು ನಾಲ್ಕು ಹುಡುಗರನ್ನ ನೋಡ್ಕೋಬೇಕು. ವ್ಯವಸ್ಥೆ ಸರಿಯಾಗೋವರೆಗೂ ಕಾಯೋಣ ಅನ್ನೋ ಹಿರಿಯರಿಗೂ ನಾನು ಹೇಳೋದು ಇದೇ, ಹುಡುಗನಿಗೆ ಹದಿನಾರು ಆಗೋದು ಒಂದೇ ಸಲ.

ನಮ್ಮವರಲ್ಲಿ ರಿಟೈರ್ ಆಗಿ ಮನೇಲಿರೋ ಇಂಜಿನಿಯರ್‌ಗಳು, ಮೇಷ್ಟ್ರುಗಳು ಈ ಊರಲ್ಲಿ ಬೇಕಾದಷ್ಟು ಜನ ಇದೀರಿ. ಇಲ್ಲಿನ ಲೈಬ್ರರಿಗಳಲ್ಲಿ, ಪಬ್ಲಿಕ್ ಸ್ಕೂಲುಗಳಲ್ಲಿ ಸಂಜೆ ಮ್ಯಾಥ್ಸ್ ಹೇಳಿಕೊಡೋಕೆ ಜನ ಬೇಕು. ಬ್ಯಾಕ್‌ಗ್ರೌಂಡ್ ಚೆಕ್ ಫಾರ್ಮ್ ತುಂಬಬೇಕು, ವಾರಾ ವಾರಾ ತಪ್ಪಿಸ್ದೆ ಹೋಗ್ಬೇಕು. ಬರೋರು ಇನ್‌ಬಾಕ್ಸ್‌ನಲ್ಲಿ ಹೇಳಿ, ಜೊತೇಲೇ ಹೋಗೋಣ. ಬರೋಕಾಗದವರು ದಯವಿಟ್ಟು ಆ ಹುಡುಗರ ಮನೆಯವರ ಬಗ್ಗೆ ನನ್ನ ಹತ್ರ ಮಾತಾಡ್ಬೇಡಿ.