ಆರಂಭಕ್ಕೇ ಇಷ್ಟು ದೊಡ್ಡ ನಾಟಕವೇ?
ವಿಶ್ವವಿದ್ಯಾಲಯದ ರಂಗತಂಡವು ಕ್ಯಾಂಪಸ್ ಬಿಟ್ಟು ನಗರದ ನಡುವಿನ ಹೊಸ ಕಟ್ಟಡದಲ್ಲಿ ಪ್ರದರ್ಶನಗಳನ್ನು ಆರಂಭಿಸುತ್ತಿರುವುದನ್ನು ಲೇಖನ ಸಂಭ್ರಮದಿಂದ ವಿವರಿಸಿದೆ. ಆದರೆ ಮೊದಲಿಗೇ ಭಾರಿ ಸಂಗೀತ ನಾಟಕವನ್ನು ಇಟ್ಟುಕೊಂಡಿರುವುದು ನನಗೆ ಅವಸರದ ತೀರ್ಮಾನವೆನಿಸುತ್ತದೆ. ಖಾಲಿ ಸಭಾಂಗಣದ ತಾಲೀಮಿನಲ್ಲಿ ಕೊನೆಯ ಸಾಲಿನವರೆಗೂ ಮೊಳಗುವ ಮಾತು, ಪ್ರೇಕ್ಷಕರು ತುಂಬಿದ ದಿನ ಅವರ ಮೈ, ಬಟ್ಟೆಗಳೇ ಧ್ವನಿಯನ್ನು ಹೀರಿಕೊಳ್ಳುವುದರಿಂದ ಬೇರೆಯೇ ಆಗಿ ಕೇಳಿಸುತ್ತದೆ; ಇದನ್ನು ವಿದ್ಯಾರ್ಥಿಗಳು ಸಣ್ಣ ನಾಟಕಗಳಲ್ಲಿ ಅರಿತುಕೊಳ್ಳುವುದು ಮೇಲು. ಸ್ಥಳಾಂತರವನ್ನು ಮಾತ್ರ ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಂಗತಂಡವಾಗಿ 1966ರಲ್ಲಿ ಸ್ಥಾಪನೆಯಾದ ಯೇಲ್ ರೆಪರ್ಟರಿ ಥಿಯೇಟರ್ ನ್ಯೂ ಹೇವನ್ ನಗರದ ನಡುವೆ, ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ ನೆಲೆಯೂರಿದ್ದು, ವಿದ್ಯಾರ್ಥಿಗಳು ಅಲ್ಲಿ ವೃತ್ತಿಪರ ಕಲಾವಿದರ ಜೊತೆಗೇ ದುಡಿಯುತ್ತಾರೆ. ಅಂಥ ಒಡನಾಟ ಇಲ್ಲಿಯೂ ಸಿಗುವುದೇ ಎಂಬುದನ್ನು ಲೇಖನ ಹೇಳಬೇಕಿತ್ತು. ಟಿಕೆಟ್ ಕೌಂಟರು ರಸ್ತೆಗೆ ಮುಖಮಾಡಿದೆಯೇ ಎಂಬುದನ್ನೂ.